ನಾಳೆ ಮಳೆ ಬರುತ್ತಾ? ಯಾವ ಕೆಲಸಕ್ಕೆ ಯಾವ ಮುನ್ಸೂಚನೆ ನೋಡಬೇಕು

ಫೋನಿನ ಆ್ಯಪ್ ಶೇ 40 ಮಳೆ ಅನ್ನುತ್ತದೆ. ಇನ್ನೊಂದು ಆ್ಯಪ್‌ನಲ್ಲಿ ಸೂರ್ಯ ನಗುತ್ತಿರುತ್ತಾನೆ. ಟೀವಿಯಲ್ಲಿ ನಿಮ್ಮ ಜಿಲ್ಲೆಗೆ ಹಳದಿ ಅಲರ್ಟ್. ಜಗಲಿಯ ಮೇಲೆ ಕೂತ ಅಜ್ಜ ಮಾತ್ರ ‘ಆರಿದ್ರೆ ಇನ್ನೂ ಹುಟ್ಟಿಲ್ಲ, ಈಗೆಲ್ಲಿ ಮಳೆ’ ಅನ್ನುತ್ತಾನೆ. ಸಂಜೆ ಅರ್ಧ ಊರಿಗೆ ಮಳೆ ಬಿದ್ದು, ಇನ್ನರ್ಧ ಊರಲ್ಲಿ ಧೂಳೂ ಅಡಗದಿದ್ದರೆ ಯಾರು ಹೇಳಿದ್ದು ಸರಿ? ವಿಚಿತ್ರವೆಂದರೆ ನಾಲ್ವರದ್ದೂ ಸರಿಯಿರಬಹುದು. ಒಬ್ಬರು ಇಡೀ ಜಿಲ್ಲೆಯ ಮಾತಾಡುತ್ತಿದ್ದಾರೆ, ಒಬ್ಬರು ಹತ್ತು ಕಿಲೋಮೀಟರ್ ಚೌಕದ ಸರಾಸರಿ ಹೇಳುತ್ತಿದ್ದಾರೆ, ಅಜ್ಜನದು ಮಳೆ ನಕ್ಷತ್ರದ ಹದಿನಾಲ್ಕು ದಿನಗಳ ಲೆಕ್ಕ.

ಹಾಗಾಗಿ ‘ಯಾವ ಆ್ಯಪ್ ಒಳ್ಳೇದು?’ ಅಂತ ಕೇಳುವ ಮೊದಲು ಮೂರು ವಿಷಯ ಗಟ್ಟಿ ಮಾಡಿಕೊಳ್ಳಿ. ಎಷ್ಟು ಮುಂಚೆ ಗೊತ್ತಾಗಬೇಕು: ಒಂದು ವಾರವೋ, ನಾಳೆಗೋ, ಇನ್ನೊಂದು ಗಂಟೆಗೋ? ಎಷ್ಟು ಸಣ್ಣ ಜಾಗಕ್ಕೆ ಬೇಕು: ತಾಲ್ಲೂಕಿಗೋ, ನಿಮ್ಮ ತೋಟಕ್ಕೋ? ಮುನ್ಸೂಚನೆ ತಪ್ಪಿದರೆ ಹೋಗುವುದೇನು: ಒಣಗಲು ಹಾಕಿದ ಬಟ್ಟೆಯೋ, ಅಡಿಕೆಗೆ ಬೋರ್ಡೋ ಔಷಧಿ ಹೊಡೆದ ಕೂಲಿಯೋ, ದೋಣಿಯಲ್ಲಿರುವ ಜೀವವೋ? ಖರ್ಚಿನ ಪ್ರಶ್ನೆ ಇಲ್ಲಿ ದೊಡ್ಡದಲ್ಲ, ಕೆಳಗೆ ಹೇಳುವ ಹೆಚ್ಚಿನವು ಪುಕ್ಕಟೆ. ಆದರೆ ನೆಟ್‌ವರ್ಕ್ ಸಿಗದ ಮಲೆನಾಡಿನ ಮನೆಗೆ ಆ್ಯಪ್‌ಗಿಂತ ಒಂದು ಫೋನ್ ಕರೆ ಅಥವಾ ಎಸ್ಸೆಮ್ಮೆಸ್ ಎಷ್ಟೋ ವಾಸಿ.

ಹವಾಮಾನ ಇಲಾಖೆ: ಮಾತಿನ ಅಳತೆ ತಿಳಿದರೆ ಮಾತ್ರ ಉಪಯೋಗ

ಭಾರತೀಯ ಹವಾಮಾನ ಇಲಾಖೆ 1875ರಿಂದ ಇದೆ. ಅದರ ಪ್ರಕಟಣೆಯನ್ನು ಬಹಳ ಜನ ಜ್ಯೋತಿಷ್ಯದ ಹಾಗೆ ಓದಿ ಬೈಯುತ್ತಾರೆ. ಅದರ ಒಂದೊಂದು ಪದಕ್ಕೂ ಅಳತೆಯಿದೆ. ‘ಒಂದೆರಡು ಕಡೆ’ ಅಂದರೆ ಆ ವಿಭಾಗದ ಮಳೆಮಾಪಕಗಳಲ್ಲಿ ಶೇ 25ರವರೆಗೆ ಮಳೆ ದಾಖಲಾಗಬಹುದು. ‘ಕೆಲವು ಕಡೆ’ ಶೇ 26ರಿಂದ 50, ‘ಹಲವು ಕಡೆ’ ಶೇ 51ರಿಂದ 75, ‘ಬಹುತೇಕ ಎಲ್ಲ ಕಡೆ’ ಅದಕ್ಕೂ ಮೇಲೆ. ‘ದಕ್ಷಿಣ ಒಳನಾಡಿನ ಒಂದೆರಡು ಕಡೆ ಮಳೆ’ ಅಂದ ದಿನ ನಿಮ್ಮೂರಿಗೆ ಹನಿ ಬೀಳದಿದ್ದರೆ ಇಲಾಖೆ ಸುಳ್ಳು ಹೇಳಿತು ಅಂತಲ್ಲ. ನಾಲ್ಕರಲ್ಲಿ ಮೂರು ಕಡೆ ಒಣಗಿರುತ್ತದೆ ಅಂತಲೇ ಅದು ಹೇಳಿತ್ತು.

ಮಳೆಯ ಪ್ರಮಾಣವೂ ಹೀಗೆಯೇ. 24 ಗಂಟೆಯಲ್ಲಿ 15.6ರಿಂದ 64.4 ಮಿಲಿಮೀಟರ್ ಬಿದ್ದರೆ ಸಾಧಾರಣ, 64.5ರಿಂದ 115.5 ಭಾರೀ, 115.6ರಿಂದ 204.4 ಅತಿ ಭಾರೀ, ಅದರಾಚೆ ಅತ್ಯಂತ ಭಾರೀ. ಪದ ಒಂದೇ ಆದರೂ ಅದರ ಪೆಟ್ಟು ಊರಿಂದ ಊರಿಗೆ ಬೇರೆ. 2024ರ ಜೂನ್ 2ರಂದು ಬೆಂಗಳೂರಿನಲ್ಲಿ 111.1 ಮಿಮೀ ಬಿದ್ದು, 1891ರಿಂದ ಉಳಿದಿದ್ದ ಜೂನ್ ತಿಂಗಳ ಒಂದು ದಿನದ ದಾಖಲೆ ಮುರಿಯಿತು. ಅದು ಇಲಾಖೆಯ ಪಟ್ಟಿಯಲ್ಲಿ ಬರೀ ‘ಭಾರೀ’. ಆಗುಂಬೆಯಲ್ಲಿ ಜುಲೈ ತಿಂಗಳಲ್ಲಿ ಅಷ್ಟು ಬಿದ್ದರೆ ಯಾರೂ ತಲೆಯೆತ್ತಿ ನೋಡುವುದಿಲ್ಲ.

ಬಣ್ಣದ ಅಲರ್ಟ್‌ಗಳು ಜಿಲ್ಲೆಗೆ ಕೊಡುವವು. ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ. ಉತ್ತರ ಕನ್ನಡಕ್ಕೆ ಕೆಂಪು ಬಂತೆಂದರೆ ಹೊನ್ನಾವರ ಮುಳುಗುವ ಹೊತ್ತಿಗೆ ಮುಂಡಗೋಡಿನಲ್ಲಿ ಜನ ಕೊಡೆಯಿಲ್ಲದೆ ಸಂತೆಗೆ ಹೋಗಬಹುದು. ಜಿಲ್ಲೆ ಒಂದೇ, ನಡುವೆ ಘಟ್ಟ.

ಇನ್ನೊಂದು ಗೊಂದಲ ದಿನದ ಲೆಕ್ಕದ್ದು. ಇಲಾಖೆಯ ಮಳೆದಿನ ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30ರವರೆಗೆ. ಸೋಮವಾರ ರಾತ್ರಿ ಸುರಿದದ್ದು ಮಂಗಳವಾರದ ತಾರೀಕಿನಲ್ಲಿ ದಾಖಲಾಗುತ್ತದೆ. ‘ಮಂಗಳವಾರ ಇಲ್ಲಿ ಬಿಸಿಲಿತ್ತು, ಪತ್ರಿಕೆಯಲ್ಲಿ 60 ಮಿಮೀ ಅಂತ ಹಾಕಿದ್ದಾರೆ’ ಎಂಬ ತಕರಾರಿನ ಮೂಲ ಇದೇ.

ಇಲಾಖೆಯ ಬಲ ಇರುವುದು ಒಂದರಿಂದ ಮೂರು ದಿನದ ಮುನ್ಸೂಚನೆಯಲ್ಲಿ: ವಾಯುಭಾರ ಕುಸಿತ, ಚಂಡಮಾರುತ, ಮುಂಗಾರು ಚುರುಕಾಗುವುದು. ಇಂಥವನ್ನು ಅಳೆದು ತೂಗಿ ಹೇಳುವುದರಲ್ಲಿ ಬೇರೆ ಆ್ಯಪ್‌ಗಳಿಗಿಂತ ಅದನ್ನೇ ನಂಬಬೇಕು, ಏಕೆಂದರೆ ಅಲ್ಲಿ ಯಂತ್ರದ ಲೆಕ್ಕವನ್ನು ಅನುಭವಿ ಮನುಷ್ಯ ತಿದ್ದಿರುತ್ತಾನೆ. ಮೂರು ಗಂಟೆಯ ತಕ್ಷಣದ ಮುನ್ಸೂಚನೆಯೂ ಇದೆ. ‘ಮೌಸಮ್’ ಆ್ಯಪ್‌ನಲ್ಲಿ ಎರಡೂ ಸಿಗುತ್ತವೆ. ಕೃಷಿಕರಿಗಾಗಿರುವ ‘ಮೇಘದೂತ’ದಲ್ಲಿ ಐದು ದಿನದ ಮುನ್ಸೂಚನೆಯ ಜೊತೆ ಮಂಗಳವಾರ ಮತ್ತು ಶುಕ್ರವಾರ ಬೆಳೆ ಸಲಹೆ ಕನ್ನಡದಲ್ಲೇ ಬರುತ್ತದೆ.

ಯಲಹಂಕದ ವಿಕೋಪ ಉಸ್ತುವಾರಿ ಕೇಂದ್ರ: ಬಿದ್ದ ಮಳೆಯ ಲೆಕ್ಕಕ್ಕೆ

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ಬಾಯಿಮಾತಿನಲ್ಲಿ ಕೆಎಸ್‌ಎನ್‌ಡಿಎಂಸಿ, 1988ರಲ್ಲಿ ಬರ ಉಸ್ತುವಾರಿಗೆಂದು ಶುರುವಾಯಿತು. ರಾಜ್ಯದ ಗ್ರಾಮ ಪಂಚಾಯ್ತಿಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ತಾನೇ ಮಾಹಿತಿ ಕಳಿಸುವ ಮಳೆಮಾಪಕಗಳು, ಹೋಬಳಿ ಮಟ್ಟದಲ್ಲಿ ಗಾಳಿ, ತೇವಾಂಶ, ಉಷ್ಣಾಂಶ ಅಳೆಯುವ ಕೇಂದ್ರಗಳು ಇದರ ಕೈಯಲ್ಲಿವೆ. ಇಷ್ಟು ದಟ್ಟವಾದ ಜಾಲ ಫೋನಿನ ಯಾವ ಆ್ಯಪ್‌ಗೂ ಇಲ್ಲ.

ಇದು ಮುನ್ಸೂಚನೆಯನ್ನೂ ಕೊಡುತ್ತದೆ. ಆದರೆ ಇದರ ನಿಜವಾದ ಬೆಲೆ ‘ಈಗ ಎಲ್ಲಿ ಎಷ್ಟು ಬಿದ್ದಿದೆ’ ಎಂಬ ಪ್ರಶ್ನೆಗೆ. ಹತ್ತು ಕಿಲೋಮೀಟರ್ ಮೇಲಿನ ಪಂಚಾಯ್ತಿಯಲ್ಲಿ ಎರಡು ತಾಸಿನಲ್ಲಿ 70 ಮಿಮೀ ಸುರಿದಿದ್ದರೆ ನಿಮ್ಮ ಹಳ್ಳ ತುಂಬುವುದಕ್ಕೆ ಆಕಾಶ ನೋಡಬೇಕಿಲ್ಲ. ಬೆಳೆ ವಿಮೆಯ ವಿಷಯ ಬಂದಾಗಲೂ ನಿಮ್ಮ ಪಂಚಾಯ್ತಿಯ ಮಾಪಕದ ಅಂಕಿಯೇ ಮುಖ್ಯವಾಗುತ್ತದೆ, ಪಕ್ಕದೂರಿನದಲ್ಲ. ‘ವರುಣ ಮಿತ್ರ’ ಸಹಾಯವಾಣಿಗೆ ಕರೆ ಮಾಡಿ ಊರಿನ ಹೆಸರು ಹೇಳಿದರೆ ಕನ್ನಡದಲ್ಲೇ ಮಾಹಿತಿ ಸಿಗುತ್ತದೆ. ಸ್ಮಾರ್ಟ್‌ಫೋನ್ ಬೇಡ, ಇಂಟರ್ನೆಟ್ ಬೇಡ. ಬೆಂಗಳೂರಿನವರಿಗೆ ‘ಮೇಘಸಂದೇಶ’ ಎಂಬ ಆ್ಯಪ್ ಪ್ರತ್ಯೇಕವಾಗಿದೆ.

ಕೊರತೆ ಇಲ್ಲವೆಂದಲ್ಲ. ಮಾಪಕದ ಬಾಯಿಗೆ ಎಲೆ ಕಟ್ಟಿಕೊಂಡರೆ ಅಥವಾ ಮರ ಬೆಳೆದು ಮರೆಯಾದರೆ ಸೊನ್ನೆಯೋ ಕಡಿಮೆಯೋ ತೋರಿಸುತ್ತದೆ. ಸುತ್ತಲ ಐದು ಪಂಚಾಯ್ತಿಯಲ್ಲಿ 40 ಮಿಮೀ ಇದ್ದು ನಡುವಿನದರಲ್ಲಿ ಸೊನ್ನೆ ಕಂಡರೆ, ಮೊದಲು ಅನುಮಾನ ಪಡಬೇಕಾದ್ದು ಮಾಪಕದ ಮೇಲೆ.

ಫೋನಿನ ಆ್ಯಪ್: ಉಷ್ಣಾಂಶಕ್ಕೆ ಸೈ, ಗಂಟೆ ಲೆಕ್ಕದ ಮಳೆಗೆ ಅಲ್ಲ

ಫೋನಿನೊಳಗೇ ಬರುವ ಹವಾಮಾನ ಆ್ಯಪ್‌ನ ಹಿಂದೆ ಕೂತಿರುವುದು ಬಹುಪಾಲು ಜಾಗತಿಕ ಕಂಪ್ಯೂಟರ್ ಮಾದರಿಗಳು. ಯುರೋಪಿನ ಇಸಿಎಂಡಬ್ಲ್ಯೂಎಫ್ ಭೂಮಿಯನ್ನು ಸುಮಾರು 9 ಕಿಮೀ ಚೌಕಗಳಾಗಿ, ಅಮೆರಿಕದ ಜಿಎಫ್‌ಎಸ್ ಸುಮಾರು 13 ಕಿಮೀ ಚೌಕಗಳಾಗಿ ಕತ್ತರಿಸಿ ಲೆಕ್ಕ ಹಾಕುತ್ತವೆ. ನಮ್ಮದೇ ಭಾರತ್ ಫೋರ್‌ಕಾಸ್ಟ್ ಸಿಸ್ಟಂ 2025ರ ಮೇ ತಿಂಗಳಲ್ಲಿ 6 ಕಿಮೀ ಚೌಕದೊಂದಿಗೆ ಬಂತು.

ಏಪ್ರಿಲ್–ಮೇ ತಿಂಗಳ ಗುಡುಗು ಮೋಡದ ಅಗಲ ಐದರಿಂದ ಹತ್ತು ಕಿಮೀ, ಆಯುಸ್ಸು ಅರ್ಧದಿಂದ ಒಂದು ಗಂಟೆ. ಅಂದರೆ ಮಾದರಿಯ ಒಂದು ಚೌಕದೊಳಗೇ ಅದು ಹುಟ್ಟಿ ಸತ್ತು ಹೋಗುತ್ತದೆ. ಮಾದರಿಗೆ ಅದು ಕಾಣುವುದಿಲ್ಲ, ‘ಇಂಥ ವಾತಾವರಣದಲ್ಲಿ ಸರಾಸರಿ ಇಷ್ಟು ಬೀಳಬಹುದು’ ಎಂದು ಅಂದಾಜು ಮಾಡುತ್ತದೆ. ಹಾಗಾಗಿಯೇ ಜಯನಗರಕ್ಕೂ ಯಲಹಂಕಕ್ಕೂ ಒಂದೇ ಥರದ ಚಿತ್ರ ಬರುವುದು. ಈ ಅಂದಾಜಿನ ಇನ್ನೊಂದು ಹುಳುಕು ಸಮಯದ್ದು: ಇಂಥ ಮಾದರಿಗಳು ಗುಡುಗು ಮಳೆಯನ್ನು ಬೇಗ ತರಿಸಿಬಿಡುತ್ತವೆ. ಆ್ಯಪ್ ಮಧ್ಯಾಹ್ನ ಒಂದಕ್ಕೆ ಮಳೆ ತೋರಿಸಿದರೆ ಒಳನಾಡಿನಲ್ಲಿ ಅದು ಬರುವುದು ನಾಲ್ಕರಿಂದ ಎಂಟರೊಳಗೆ ಅಂತ ಓದಿಕೊಳ್ಳಿ.

ಘಟ್ಟದ ಊರುಗಳಲ್ಲಿ ಸಮಸ್ಯೆ ಬೇರೆ. ಚೌಕದ ಅರ್ಧ ಘಟ್ಟದ ಕೆಳಗೆ, ಅರ್ಧ ಮೇಲೆ ಇದ್ದರೆ ಮಾದರಿಗೆ ಗೊತ್ತಿರುವುದು ನಡುವಿನ ಒಂದು ಎತ್ತರ. ಗಾಳಿ ಘಟ್ಟಕ್ಕೆ ಗುದ್ದಿ ಮೇಲೇರಿ ತಣಿದು ಸುರಿಯುವ ಮಳೆಯನ್ನು ಅದು ಕಡಿಮೆ ಲೆಕ್ಕ ಹಾಕುತ್ತದೆ, ಪೂರ್ವದ ಮಳೆನೆರಳಿನ ಮೇಲೆ ಇಲ್ಲದ ಮಳೆಯನ್ನು ಹಂಚುತ್ತದೆ.

ಇನ್ನು ಶೇ 40. ಇದು ದಿನದ ಶೇ 40 ಹೊತ್ತು ಮಳೆ ಅಂತಲ್ಲ, ಪ್ರಮಾಣವಂತೂ ಅಲ್ಲವೇ ಅಲ್ಲ. ಇಂಥದೇ ಹತ್ತು ದಿನಗಳಲ್ಲಿ ನಾಲ್ಕು ದಿನ ನಿಮ್ಮ ಜಾಗದಲ್ಲಿ ಅಳೆಯುವಷ್ಟು ಮಳೆ ಬರುತ್ತದೆ ಅಂತ. ‘ಅಳೆಯುವಷ್ಟು’ ಅಂದರೆ ಅಂಗಳ ತೊಯ್ದರೂ ಸಾಕು. ಕೊಡೆ ಹಿಡಿಯಲು ಶೇ 40 ಸಾಕಷ್ಟಾಯಿತು, ಮದುವೆಯ ಚಪ್ಪರಕ್ಕೆ ಶೇ 20 ಕೂಡ ಜಾಸ್ತಿ.

ನಾಳೆಯ ಗರಿಷ್ಠ–ಕನಿಷ್ಠ ಉಷ್ಣಾಂಶ, ಗಾಳಿಯ ದಿಕ್ಕು, ತೇವಾಂಶಕ್ಕೆ ಈ ಆ್ಯಪ್‌ಗಳು ಧಾರಾಳವಾಗಿ ಸಾಲುತ್ತವೆ. ಚಳಿಗಾಲದ ಮಂಜನ್ನೂ ಇವುಗಳಿಂದಲೇ ಊಹಿಸಬಹುದು: ಆಕಾಶ ತಿಳಿ, ಗಾಳಿ ಇಲ್ಲ, ರಾತ್ರಿಯ ಕನಿಷ್ಠ ಉಷ್ಣಾಂಶಕ್ಕೂ ‘ಡ್ಯೂ ಪಾಯಿಂಟ್’ ಎಂಬ ಇಬ್ಬನಿ ಬಿಂದುವಿಗೂ ಎರಡು ಡಿಗ್ರಿಗಿಂತ ಕಡಿಮೆ ಅಂತರ ಇದ್ದರೆ, ಬೆಳಗಿನ ಜಾವ ದೇವನಹಳ್ಳಿ ಕಡೆ ವಿಮಾನ ಹಿಡಿಯುವವರು ತಡವಾಗುವುದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿರಬೇಕು.

ವಿಂಡಿಯಂಥ ನಕ್ಷೆಗಳು: ವಾರದ ಮುಂಗಾಣ್ಕೆಗೆ

ವಿಂಡಿ ಎಂಬ ಹವಾಮಾನ ನಕ್ಷೆಯ ತಾಣದಲ್ಲೂ ಇರುವುದು ಅದೇ ಮಾದರಿಗಳು. ಆದರೆ ಒಂದರ ಪಕ್ಕ ಒಂದಿಟ್ಟು ನೋಡಬಹುದು, ಅನುಕೂಲ ಇರುವುದು ಅಲ್ಲೇ. ಮೂರು ಮಾದರಿಗಳೂ ಗುರುವಾರದಿಂದ ಕರಾವಳಿಗೆ ಜೋರು ಮಳೆ ಅಂದರೆ ನಂಬಿ ತಯಾರಿ ಮಾಡಿಕೊಳ್ಳಿ. ಒಂದು 150 ಮಿಮೀ, ಇನ್ನೊಂದು 10 ಮಿಮೀ ಅಂದರೆ ‘ಇನ್ನೂ ಯಾರಿಗೂ ಗೊತ್ತಿಲ್ಲ’ ಎಂಬುದೇ ಉತ್ತರ. ಹಣ ಕೊಟ್ಟು ಪಡೆಯುವ ಆವೃತ್ತಿಯಲ್ಲಿ ಹೆಚ್ಚು ಸೂಕ್ಷ್ಮ ಸಮಯದ ವಿವರ ಸಿಗುತ್ತದೆ. ಮೇಲೆ ಹೇಳಿದ ಕಾರಣಕ್ಕೆ, ಮಳೆಯ ಮಟ್ಟಿಗೆ ಆ ಸೂಕ್ಷ್ಮತೆಗೆ ದುಡ್ಡು ಕೊಡುವುದು ದಂಡ.

ಇಲ್ಲಿ ನೋಡಬೇಕಾದ್ದು ಮಳೆಯ ಬಣ್ಣವನ್ನಲ್ಲ, ಗಾಳಿಯನ್ನು. ಎತ್ತರವನ್ನು 850 ಹೆಕ್ಟೋಪಾಸ್ಕಲ್‌ಗೆ, ಅಂದರೆ ಸುಮಾರು ಒಂದೂವರೆ ಕಿಲೋಮೀಟರ್‌ಗೆ ಇಡಿ. ಜುಲೈನಲ್ಲಿ ಅರಬ್ಬಿ ಸಮುದ್ರದಿಂದ ಘಟ್ಟಕ್ಕೆ ನೇರ ಪಡುವಣ ಗಾಳಿ ಬಿರುಸಾಗಿ ಬೀಸುತ್ತಿದ್ದು, ಒಡಿಶಾ ಕರಾವಳಿಯ ಆಚೆ ಬಂಗಾಳ ಕೊಲ್ಲಿಯಲ್ಲಿ ಗಾಳಿ ಸುಳಿ ಸುತ್ತುತ್ತಿದ್ದರೆ ಕರಾವಳಿ, ಮಲೆನಾಡು, ಕೊಡಗಿಗೆ ಮಳೆ ಬಿಗಿಯಾಗುವ ಲಕ್ಷಣ. ಕೊಲ್ಲಿಯ ಕುಸಿತ ಪಶ್ಚಿಮದ ಗಾಳಿಯನ್ನು ಎಳೆದುಕೊಳ್ಳುತ್ತದೆ, ಎಳೆತದ ದಾರಿಯಲ್ಲಿ ನಮ್ಮ ಘಟ್ಟ ಅಡ್ಡ ನಿಂತಿದೆ. ಉತ್ತರ ಭಾರತದ ಕಡಿಮೆ ಒತ್ತಡದ ಪಟ್ಟಿ ಹಿಮಾಲಯದ ತಪ್ಪಲಿಗೆ ಸರಿದರೆ ನಮ್ಮಲ್ಲಿ ಮಳೆ ಬಿಡುವು ಕೊಡುತ್ತದೆ. ಈ ಎರಡನ್ನು ಗುರುತಿಸಲು ಬಂದರೆ ನಾಲ್ಕೈದು ದಿನ ಮುಂಚೆ ಬಿಡುವು ಹಿಡಿಯಬಹುದು.

ಮಾದರಿಗಳ ಬೆಳಗಿನ 5.30ರ ಲೆಕ್ಕ ಕೈಗೆ ಸಿಗುವಷ್ಟರಲ್ಲಿ ಮಧ್ಯಾಹ್ನ ಸಮೀಪಿಸಿರುತ್ತದೆ. ಬೆಳಿಗ್ಗೆ ಏಳಕ್ಕೆ ನೋಡುವವರು ನೋಡುತ್ತಿರುವುದು ನಿನ್ನೆಯ ಲೆಕ್ಕ.

ರೇಡಾರ್ ಮತ್ತು ದಾಮಿನಿ: ಇನ್ನೊಂದು ಗಂಟೆಗೆ

ರೇಡಾರ್ ಮುನ್ಸೂಚನೆಯಲ್ಲ, ಕಣ್ಣು. ಗೋವಾ, ಮಂಗಳೂರು, ಚೆನ್ನೈ, ಹೈದರಾಬಾದ್, ಕೊಚ್ಚಿಯ ರೇಡಾರ್ ಚಿತ್ರಗಳು ಹವಾಮಾನ ಇಲಾಖೆಯ ತಾಣದಲ್ಲಿ ಸಿಗುತ್ತವೆ. ನೋಡುವ ಮೊದಲು ಚಿತ್ರದ ಮೇಲಿನ ಸಮಯ ಪರೀಕ್ಷಿಸಿ. ಯುಟಿಸಿ, ಅಂದರೆ ಜಾಗತಿಕ ಸಮಯ, ಎಂದಿದ್ದರೆ ಐದೂವರೆ ಗಂಟೆ ಕೂಡಿಸಿಕೊಳ್ಳಿ. 10.30 ಎಂಬುದನ್ನು ಬೆಳಗಿನ ಚಿತ್ರ ಅಂದುಕೊಂಡು ಬಿಟ್ಟವರು ಸಂಜೆ ನಾಲ್ಕರ ಮೋಡಕ್ಕೆ ಸಿಕ್ಕಿಬೀಳುತ್ತಾರೆ.

ಅರ್ಧ ಗಂಟೆ ಅಂತರದ ಎರಡು ಚಿತ್ರ ತೆಗೆದುಕೊಳ್ಳಿ. ಮಳೆಯ ಗಡ್ಡೆ 15 ಕಿಮೀ ನಿಮ್ಮ ಕಡೆ ಸರಿದಿದ್ದು, ಇನ್ನೂ 30 ಕಿಮೀ ದೂರವಿದ್ದರೆ ಸುಮಾರು ಒಂದು ಗಂಟೆ ಉಳಿದಿದೆ. ಬಣ್ಣದ ಅಳತೆ, ಅಂದರೆ ಮಳೆಹನಿಗೆ ಬಡಿದು ರೇಡಾರ್‌ಗೆ ಮರಳುವ ಅಲೆಯ ಬಲ, ಡಿಬಿಝಡ್‌ನಲ್ಲಿ: 20ರ ಆಸುಪಾಸು ತುಂತುರು, 40 ಒಳ್ಳೆ ಮಳೆ, 50 ದಾಟಿದರೆ ಧೋ ಮಳೆ, ಆಲಿಕಲ್ಲೂ ಇರಬಹುದು. ಮೋಸ ಹೋಗುವುದೆಲ್ಲಿ ಅಂದರೆ, ಒಂದು ಮೋಡ ಸಾಯುವಾಗ ಕೆಳಗೆ ನುಗ್ಗುವ ತಣ್ಣನೆ ಗಾಳಿ ಪಕ್ಕದಲ್ಲಿ ಹೊಸ ಮೋಡ ಎಬ್ಬಿಸುತ್ತದೆ. ಚಿತ್ರದಲ್ಲಿ ಇಲ್ಲದ್ದು ಇಪ್ಪತ್ತು ನಿಮಿಷದಲ್ಲಿ ತಲೆ ಮೇಲಿರುತ್ತದೆ.

ದೂರ ಹೆಚ್ಚಿದಷ್ಟೂ ರೇಡಾರ್‌ನ ಕಿರಣ ನೆಲದಿಂದ ಮೇಲೇರುತ್ತದೆ, ಭೂಮಿ ದುಂಡಗಿದೆಯಲ್ಲ. ಚೆನ್ನೈನಿಂದ ಬೆಂಗಳೂರಿಗೆ ಬರುವಷ್ಟರಲ್ಲಿ ಕಿರಣ ಆರೇಳು ಕಿಮೀ ಎತ್ತರದಲ್ಲಿರುತ್ತದೆ. ಮೇ ತಿಂಗಳ ಗುಡುಗು ಮೋಡ 12 ಕಿಮೀ ದಾಟಿ ಬೆಳೆಯುವುದರಿಂದ ಅದರ ತಲೆ ಸಿಗುತ್ತದೆ. ಜುಲೈನ ಜಿಟಿಜಿಟಿ ಮಳೆಯ ಮೋಡ ಅಷ್ಟು ಎತ್ತರವಿಲ್ಲ, ನೀವು ನೆನೆಯುತ್ತಿದ್ದರೂ ಚಿತ್ರ ಖಾಲಿ. ಉಪಗ್ರಹದ ಚಿತ್ರದಲ್ಲಿ ಇದರ ತಿರುಗುಮುರುಗು: ತುಂಬ ಎತ್ತರದ ಹತ್ತಿಯಂಥ ತೆಳು ಮೋಡ ತಣ್ಣಗಿರುವುದರಿಂದ ಅಚ್ಚ ಬಿಳಿ ಕಾಣುತ್ತದೆ, ಹನಿ ಬೀಳುವುದಿಲ್ಲ.

ಸಿಡಿಲಿಗೆ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಇದೆ. ನಿಮ್ಮ ಸುತ್ತ 20 ಮತ್ತು 40 ಕಿಮೀ ಒಳಗಿನ ಮಿಂಚನ್ನು ತೋರಿಸುತ್ತದೆ. ಜಿಪಿಎಸ್ ಆಫ್ ಮಾಡಿಟ್ಟರೆ ಆ್ಯಪ್ ಇದ್ದೂ ಇಲ್ಲದ ಹಾಗೆ. ನೆಟ್‌ವರ್ಕ್ ಇಲ್ಲದ ಗದ್ದೆಯಲ್ಲಿ ಎಣಿಸಿ: ಮಿಂಚಿದ ಮೇಲೆ ಗುಡುಗಿಗೆ ಮೂರು ಸೆಕೆಂಡಿಗೆ ಒಂದು ಕಿಮೀ. ಮೂವತ್ತು ಎಣಿಸುವ ಮೊದಲೇ ಗುಡುಗಿದರೆ ಹತ್ತು ಕಿಮೀ ಒಳಗಿದೆ, ಮರದಡಿಯಲ್ಲ, ಮನೆಯೊಳಗೆ ಸೇರಿ.

ಮಳೆ ನಕ್ಷತ್ರ

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆಯನ್ನು ಮುನ್ಸೂಚನೆ ಅಂತ ಓದಬಾರದು, ಅದು ಬೇಸಾಯದ ಪಂಚಾಂಗ. ಸೂರ್ಯ ಒಂದು ನಕ್ಷತ್ರದಲ್ಲಿರುವ ಹದಿಮೂರು–ಹದಿನಾಲ್ಕು ದಿನಗಳಲ್ಲಿ ಸಾಮಾನ್ಯವಾಗಿ ಹೇಗಿರುತ್ತದೆ, ಏನು ಬಿತ್ತಬೇಕು ಎಂಬ ತಲೆಮಾರುಗಳ ನೆನಪು. ಯಾವ ತಳಿ, ಯಾವಾಗ ಭೂಮಿ ಹದ ಮಾಡುವುದು ಎಂಬಂಥ ಹಂಗಾಮಿನ ಯೋಚನೆಗೆ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಈ ವರ್ಷದ ಆರಿದ್ರೆ ಸುರಿಯುತ್ತದೋ ಕೈಕೊಡುತ್ತದೋ ಎಂದು ಅದು ಹೇಳಲಾರದು. ಒಂದು ಸೂಕ್ಷ್ಮವೂ ಇದೆ: ಭೂಮಿಯ ಅಕ್ಷ ನಿಧಾನಕ್ಕೆ ತಿರುಗುವುದರಿಂದ ನಕ್ಷತ್ರದ ಲೆಕ್ಕ ಋತುವಿನಿಂದ ಸುಮಾರು 70 ವರ್ಷಕ್ಕೆ ಒಂದು ದಿನ ಹಿಂದೆ ಬೀಳುತ್ತದೆ. ಸಾವಿರ ವರ್ಷಕ್ಕೆ ಹೆಚ್ಚುಕಡಿಮೆ ಒಂದು ಮಳೆ ನಕ್ಷತ್ರದಷ್ಟು. ಹಳೆಯ ಗಾದೆ ಎಷ್ಟು ಹಳೆಯದು ಅನ್ನುವುದರ ಮೇಲೆ ಅದರ ತಾರೀಕು ನಿಂತಿದೆ.

ಕೆಲಸ ನೋಡಿ ಆರಿಸಿ

*ಅಡಿಕೆಗೆ ಬೋರ್ಡೋ.* ಕೊಳೆರೋಗಕ್ಕೆ ಶೇ 1ರ ದ್ರಾವಣ, ಅಂದರೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮೊದಲ ಸಲ ಮುಂಗಾರು ಬಲಿಯುವ ಮೊದಲು, ಆಮೇಲೆ 40–45 ದಿನಕ್ಕೆ ಇನ್ನೊಮ್ಮೆ. ತೊಂದರೆ ಕೊಡುವುದು ಈ ಎರಡನೆಯದು, ಜುಲೈ ನಡುವೆ ಬಿಡುವು ಸಿಗಬೇಕು. 35ನೇ ದಿನದಿಂದಲೇ ವಿಂಡಿಯಲ್ಲಿ 850ರ ಗಾಳಿ ನೋಡುತ್ತಾ ಇರಿ, ಗಾಳಿ ಸಡಿಲಾಗುವ ಸೂಚನೆ ಕಂಡರೆ ಮರ ಹತ್ತುವ ಕೊನೆಗಾರನಿಗೆ ಹೇಳಿಡಿ. ಎರಡು ದಿನ ಮುಂಚೆ ಇಲಾಖೆಯ ಜಿಲ್ಲಾ ಮುನ್ಸೂಚನೆಯಲ್ಲಿ ‘ಬಹುತೇಕ ಎಲ್ಲ ಕಡೆ’ ಹೋಗಿ ‘ಕೆಲವು ಕಡೆ’ ಬಂದರೆ ಮೈಲುತುತ್ತ ನೆನೆಹಾಕಿ. ಗೊನೆ ಒದ್ದೆಯಿದ್ದಾಗ ಹೊಡೆದರೆ ದ್ರಾವಣ ಹಿಡಿಯದೆ ಜಾರುತ್ತದೆ, ಹಾಗಾಗಿ ಅಂದಿನ ಬೆಳಿಗ್ಗೆಯ ನಿರ್ಧಾರ ಆಕಾಶದ್ದು.

*ಕಾಫಿಗೆ ಹೂಮಳೆ.* ಒಂದು ಇಂಚು ಬಂದರೆ ಹೂವು ಚೆನ್ನಾಗಿ ಅರಳುತ್ತದೆ, ಅರೆಬರೆ ಬಿದ್ದರೆ ಮೊಗ್ಗು ಅರ್ಧಕ್ಕೆ ನಿಲ್ಲುತ್ತದೆ. ಪಂಪು ಓಡಿಸುವುದೋ ಕಾಯುವುದೋ ಎಂಬ ಪ್ರಶ್ನೆಗೆ ಆ್ಯಪ್‌ನ ಶೇಕಡಾವಾರು ಕೆಲಸಕ್ಕೆ ಬಾರದು. ನೀರು, ಪಂಪು ಎರಡೂ ಇರುವ ರೊಬಸ್ಟ ಬೆಳೆಗಾರರು ಮೋಡ ನಂಬಿ ಕಾಯದಿರುವುದೇ ಲೇಸು. ಸಾಲದ ಮಳೆ ಬಿದ್ದರೆ ಕೂಡಲೇ ತುಂತುರು ನೀರಾವರಿಯಿಂದ ಇಂಚು ತುಂಬಿಸಬೇಕು, ಅದಕ್ಕೆ ಬೇಕಾದ್ದು ನಿಮ್ಮದೇ ತೋಟದ ಅಳತೆ.

*ಮನೆಯ ತಾರಸಿಗೆ ಕಾಂಕ್ರೀಟ್.* ಆಳು, ಮಿಕ್ಸರ್ ಹೇಳುವ ನಾಲ್ಕು ದಿನ ಮುಂಚೆ ಮಾದರಿಗಳನ್ನು ನೋಡಿ, ಆದರೆ ಏಪ್ರಿಲ್–ಮೇನಲ್ಲಿ ಅದಕ್ಕಿಂತ ಗಡಿಯಾರವನ್ನು ನಂಬಿ. ಬೆಳಿಗ್ಗೆ ಆರಕ್ಕೆ ಶುರು ಮಾಡಿ ಹನ್ನೊಂದಕ್ಕೆ ಮುಗಿಸಿದರೆ ಸಂಜೆಯ ಗುಡುಗು ಮಳೆಯೊಳಗೆ ಗಟ್ಟಿಯಾಗಲು ಐದಾರು ತಾಸು ಸಿಗುತ್ತದೆ. ಮಧ್ಯಾಹ್ನ ಎರಡರಿಂದ ರೇಡಾರ್ ನೋಡುತ್ತಿರಿ. ಇಡೀ ತಾರಸಿ ಮುಚ್ಚುವಷ್ಟು ಪ್ಲಾಸ್ಟಿಕ್ ಹಾಳೆ ಕೈಗೆ ಸಿಗುವಲ್ಲಿ ಇರಲಿ.

*ಮೀನುಗಾರಿಕೆ.* ಇಲ್ಲಿ ಆಯ್ಕೆಯೇ ಇಲ್ಲ. ಇಲಾಖೆಯ ಮೀನುಗಾರರ ಎಚ್ಚರಿಕೆ, ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಅಲೆ ಎಚ್ಚರಿಕೆ, ಎರಡರಲ್ಲಿ ಯಾವುದು ಬೇಡ ಅಂದರೂ ಇಳಿಯಬೇಡಿ. ದಡದಲ್ಲಿ ಗಾಳಿಯಿಲ್ಲದಿದ್ದರೂ ದೂರದ ಚಂಡಮಾರುತದ ಉಬ್ಬಲೆ ಬರುತ್ತದೆ, ಅದು ಯಾವ ಫೋನ್ ಆ್ಯಪ್‌ನ ಮಳೆಚಿತ್ರದಲ್ಲೂ ಇರುವುದಿಲ್ಲ.

*ಬೈಕಿನಲ್ಲಿ ಆಫೀಸು.* ಸಂಜೆ ಹೊರಡುವ ಮುನ್ನ ರೇಡಾರ್ ಒಮ್ಮೆ, ದಾಮಿನಿ ಒಮ್ಮೆ. ಬೆಳಗಿನ ಆ್ಯಪ್ ನೋಡಿ ರೇನ್‌ಕೋಟ್ ಬಿಟ್ಟು ಹೋಗುವುದು ಬೇಡ, ಮೇ ತಿಂಗಳಲ್ಲಿ ಅದು ಬ್ಯಾಗಿನಲ್ಲೇ ಇರಲಿ.

ನಿಮ್ಮ ಆ್ಯಪ್‌ಗೆ ನೀವೇ ಪರೀಕ್ಷೆ ಇಡಿ

ತೆರೆದ ಜಾಗದಲ್ಲಿ, ಮರ–ಗೋಡೆಯಿಂದ ಅವುಗಳ ಎತ್ತರದ ಎರಡು ಪಟ್ಟು ದೂರ, ಮೇಲಿಂದ ಕೆಳಗಿನವರೆಗೂ ಒಂದೇ ಅಗಲದ ಡಬ್ಬಿ ಇಟ್ಟು ದಿನಾ ಬೆಳಿಗ್ಗೆ 8.30ಕ್ಕೆ ಸ್ಕೇಲಿನಿಂದ ನೀರಿನ ಎತ್ತರ ಅಳೆಯಿರಿ. ಒಂದು ಮಿಮೀ ಅಂದರೆ ಚದರ ಮೀಟರಿಗೆ ಒಂದು ಲೀಟರ್. ತಳ ಕಿರಿದಾದ ಬಕೆಟ್ ಇಟ್ಟರೆ ಅಳತೆ ಜಾಸ್ತಿ ಬರುತ್ತದೆ. ಎಸ್ಟೇಟುಗಳ ಹಳೆ ಪುಸ್ತಕದ ಜೊತೆ ಹೋಲಿಸುವವರು ನೆನಪಿಡಿ, ಅಲ್ಲಿನ ನೂರು ‘ಸೆಂಟ್ಸ್’ ಒಂದು ಇಂಚು, ಅಂದರೆ 25.4 ಮಿಮೀ.

ಹಿಂದಿನ ರಾತ್ರಿ ಆ್ಯಪ್ ಹೇಳಿದ್ದನ್ನೂ ಅದೇ ಸಾಲಿನಲ್ಲಿ ಬರೆಯಿರಿ. ತಿಂಗಳ ಕೊನೆಗೆ ‘ಎಷ್ಟು ದಿನ ಸರಿ’ ಅಂತಷ್ಟೇ ಎಣಿಸಬೇಡಿ. ಜುಲೈನಲ್ಲಿ ಆಗುಂಬೆಗೆ ದಿನಾ ಮಳೆ ಅಂದವನಿಗೂ ನೂರಕ್ಕೆ ತೊಂಬತ್ತರ ಮೇಲೆ ಅಂಕ ಬರುತ್ತದೆ. ಮಳೆ ಬಂದ ದಿನಗಳಲ್ಲಿ ಎಷ್ಟನ್ನು ಮೊದಲೇ ಹೇಳಿತ್ತು, ಮಳೆ ಅಂದ ದಿನಗಳಲ್ಲಿ ಎಷ್ಟು ಒಣಗಿದ್ದವು, ಈ ಎರಡನ್ನು ಬೇರೆ ಬೇರೆ ಬರೆಯಿರಿ. ಔಷಧಿ ಹೊಡೆಯುವವರಿಗೆ ಮೊದಲನೆಯದರಲ್ಲಿ ತಪ್ಪುವ ಆ್ಯಪ್ ಬೇಡ. ಹೂಮಳೆ ಕಾಯುವವರಿಗೆ ಎರಡನೆಯದರಲ್ಲಿ ತಪ್ಪುವುದು ಬೇಡ.